ಹಾಳೆಗೆ ಹೇಳಿದ್ದಲ್ಲ

ಆ ಮನೆಯಲ್ಲಿ ಸಿಟ್ಟು ಮಾಡಿಕೊಳ್ಳುವ ಹಕ್ಕು ಕೆಲವರಿಗೆ ಮಾತ್ರ ಇತ್ತು. ಮ್ಯಾನೇಜರ್ ಮೇಜು ಗುದ್ದಿದರೆ ಅವರು ಶಿಸ್ತಿನ ಮನುಷ್ಯ. ಅಡುಗೆಯವಳು ಪಾತ್ರೆ ಕುಕ್ಕಿದರೆ ಪಾಪ, ಅವಳಿಗೆ ಕೆಲಸ ಜಾಸ್ತಿ. ವಾಚ್‌ಮನ್ ಬಾಯಿಗೆ ಬಂದ ಹಾಗೆ ಬೈದರೆ ಬಿಡಿ, ಅವನ ಬಾಯೇ ಹಾಗೆ. ಅಕ್ಕ ಮಾತ್ರ ಒಂಚೂರು ದನಿ ಎತ್ತಿದಳೋ, ಎಲ್ಲರೂ ಅವಳ ಮುಖವನ್ನು ಒಂದು ಥರ ನೋಡಿ, ಜ್ವರ ಬಂದ ಮಗುವನ್ನು ಮಾತಾಡಿಸುವ ದನಿಯಲ್ಲಿ ಕೇಳುತ್ತಿದ್ದರು, ಬೆಳಿಗ್ಗೆ ಮಾತ್ರೆ ತಗೊಂಡ್ರಾ ಅಂತ.

ತೆಗೆದುಕೊಂಡಿದ್ದಳು ಕಣ್ರೀ. ಹನ್ನೆರಡು ವರ್ಷದಿಂದ ಒಂದು ದಿನವೂ ತಪ್ಪಿಸದೆ ನುಂಗಿದ್ದಳು. ಮಾತ್ರೆ ಇರುವುದು ಕಾಯಿಲೆಗೆ. ಸಿಟ್ಟಿಗೂ ಒಂದು ಮಾತ್ರೆ ಇದ್ದಿದ್ದರೆ ಅದನ್ನು ಮೊದಲು ಆ ಮ್ಯಾನೇಜರಿಗೆ ಕೊಡಬೇಕಾಗಿತ್ತು.

ಅದು ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿ, ವಾಸಿಯಾಗಿ ಹೊರಬಂದು, ಹೋಗಲಿಕ್ಕೆ ಜಾಗ ಇಲ್ಲದವರಿಗಾಗಿ ಒಂದು ಸಂಸ್ಥೆ ನಡೆಸುತ್ತಿದ್ದ ಮನೆ. ನಾಲ್ಕು ಮಹಡಿ, ಇಪ್ಪತ್ತೆರಡು ಕೋಣೆ. ಒಬ್ಬೊಬ್ಬರಿಗೆ ಒಂದು ಕೋಣೆ, ಒಂದು ಬೀಗ, ಆ ಬೀಗದ ಕೈ ಅವರದ್ದೇ ಜೇಬಿನಲ್ಲಿ. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ವರ್ಷಗಟ್ಟಲೆ ಮಲಗಿದವರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಎಂದರೆ ಏನು ಎನ್ನುವುದು ಹೊರಗಿನವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಕೆಲವರು ಬಂದ ಹೊಸತರಲ್ಲಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ, ಬೆಳಗಿನ ತನಕ ಅದೇ ಕೆಲಸ ಮಾಡಿದ್ದೂ ಉಂಟು.

ಅಕ್ಕ ಅಲ್ಲಿ ಜೊತೆಗಾರ್ತಿ. ಡಾಕ್ಟರಲ್ಲ, ನರ್ಸಲ್ಲ. ತಾನೂ ಅದೇ ಕಾಯಿಲೆ ಅನುಭವಿಸಿ ಎದ್ದು ಬಂದವಳು ಎನ್ನುವುದೇ ಅವಳ ಓದು, ಅದೇ ಅವಳ ಸರ್ಟಿಫಿಕೇಟು. ಕೋಣೆಗಳಿಗೆ ಹೋಗಿ ಕೂರುವುದು, ಜೊತೆಗೆ ಬ್ಯಾಂಕಿಗೆ, ಅಂಗಡಿಗೆ, ಡಾಕ್ಟರ ಹತ್ತಿರಕ್ಕೆ ಹೋಗುವುದು, ಹಾಸಿಗೆ ಬಿಟ್ಟು ಏಳಲಾರದ ದಿನ ಪಕ್ಕದಲ್ಲಿ ಸುಮ್ಮನೆ ಇರುವುದು, ಇಷ್ಟು ಕೆಲಸ. ತನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಸಂಸ್ಥೆಯ ವಾರ್ಷಿಕೋತ್ಸವದ ದಿನ ಅವಳನ್ನು ವೇದಿಕೆ ಹತ್ತಿಸಿ ಅವಳ ಕಥೆ ಹೇಳಿಸುತ್ತಿದ್ದರು. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಕಾಯಿಲೆ ಹಿಂದೆ ಇತ್ತು, ಈಗ ಇಲ್ಲ ಎಂದು ಕಥೆ ಮುಗಿಯಬೇಕು. ಹಾಗೆ ಮುಗಿಸುವುದನ್ನು ಅವಳು ಕಲಿತಿದ್ದಳು.

ನಿಜ ಬೇರೆಯೇ ಇತ್ತು. ನಲ್ಲಿ ಬಿಟ್ಟು ನೀರು ಬಕೆಟ್ಟಿಗೆ ಬೀಳುವ ಸದ್ದಿನಲ್ಲಿ ಅವಳಿಗೆ ಇವತ್ತಿಗೂ ಒಂದು ಹೆಂಗಸಿನ ದನಿ ಕೇಳಿಸುತ್ತಿತ್ತು. ಅವಳ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಆಡುವ ದನಿ. ಅವಳು 'ಆಯ್ತು ಮಾರಾಯ್ತಿ, ನಾಳೆ ಬೈಯುವೆಯಂತೆ' ಎಂದು ನಲ್ಲಿ ತಿರುಗಿಸಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಸೇರುವಾಗ ತುಂಬಿದ ಅರ್ಜಿಯಲ್ಲಿ ಮಾತ್ರ 'ಈಗ ಯಾವ ಲಕ್ಷಣವೂ ಇಲ್ಲ' ಎಂದು ಬರೆದಿದ್ದಳು. ಇದೆ ಎಂದು ಬರೆದಿದ್ದರೆ ಕೆಲಸ ಯಾವನು ಕೊಡುತ್ತಿದ್ದ?

ಆದರೆ ಕೋಣೆಗಳ ಒಳಗೆ ಅವಳು ಸುಳ್ಳು ಹೇಳುತ್ತಿರಲಿಲ್ಲ. ಎದುರಿಗೆ ಕೂತವರ ಬಾಯಿ ಬಿಡಿಸಬೇಕಾದರೆ ಮೊದಲು ನಮ್ಮದನ್ನು ಹೇಳಬೇಕು. ಆಮೇಲೆ, ಒಂದು ವಾರಕ್ಕೋ ಆರು ತಿಂಗಳಿಗೋ, ಅವರದ್ದು ಬರುತ್ತದೆ. ಆ ಕೆಲಸದ ಗುಟ್ಟು ಅಷ್ಟೇ. ಮೂರನೇ ಮಹಡಿಯ ಟೈಲರ್ ಮಾಸ್ಟ್ರಿಗೂ ನಲ್ಲಿಯ ಹೆಂಗಸಿನ ವಿಷಯ ಹೇಳಿದ್ದಳು. ಮಾಸ್ಟ್ರು ನಾಲ್ಕು ತಿಂಗಳು ತೆಗೆದುಕೊಂಡರು. ಆಮೇಲೆ ಒಂದು ಮಧ್ಯಾಹ್ನ, ದಾರ ಪೋಣಿಸುತ್ತಾ, ತಲೆ ಎತ್ತದೆ, ಮಷೀನು ತುಳಿಯುವಾಗ ತಮಗೂ ಕೇಳಿಸುತ್ತದೆ ಎಂದರು. ಅಳತೆ ತಪ್ಪಿದೆ, ಬಿಚ್ಚು, ಅಳತೆ ತಪ್ಪಿದೆ, ಬಿಚ್ಚು. ಒಂದು ಕಾಲದಲ್ಲಿ ಅದರ ಮಾತು ಕೇಳಿ ಅಂಗಡಿಯಲ್ಲಿದ್ದ ಗಿರಾಕಿಗಳ ಬಟ್ಟೆಯನ್ನೆಲ್ಲ ಒಂದೇ ದಿನದಲ್ಲಿ ಬಿಚ್ಚಿ ಹಾಕಿದ್ದರಂತೆ. ಮದುವೆಯ ಬಟ್ಟೆಗಳೂ ಇದ್ದವಂತೆ. ಅಲ್ಲಿಗೆ ಅಂಗಡಿ ಹೋಯಿತು. ಹೆಂಡತಿ ಮಗಳನ್ನು ಎತ್ತಿಕೊಂಡು ಅಣ್ಣನ ಮನೆಗೆ ಹೋದಳು.

ಈಗ ಏನು ಮಾಡ್ತೀರಿ ಎಂದು ಅಕ್ಕ ಕೇಳಿದ್ದಕ್ಕೆ ಮಾಸ್ಟ್ರು ತೋರಿಸಿದರು. ಕೊರಳಿನಿಂದ ಟೇಪು ತೆಗೆದರು. ಹೊಲಿಗೆಯನ್ನು ಒಂದು ಸಲ, ಒಂದೇ ಒಂದು ಸಲ ಅಳೆದರು. 'ಸರಿಯಾಗೇ ಇದೆ, ನೀನು ಸುಮ್ಮನಿರು' ಎಂದರು. ಮತ್ತೆ ತುಳಿಯತೊಡಗಿದರು. ಅಕ್ಕನಿಗೆ ಎಷ್ಟು ಖುಷಿಯಾಯಿತು ಎಂದರೆ ಅವಳ ಕಣ್ಣಲ್ಲಿ ನೀರೇ ಬಂತು. ಯಾವ ಡಾಕ್ಟರೂ ಹೇಳಿಕೊಡದ ಉಪಾಯವನ್ನು ಮನುಷ್ಯ ತಾನೇ ಕಂಡುಕೊಂಡಿದ್ದ.

ಅಲ್ಲೇ ಅವಳು ಕೆಟ್ಟದ್ದು. ದಿನಾ ಸಂಜೆ ಕೋಣೆಗೊಂದು ಹಾಳೆ ಬರೆದು ಆಫೀಸಿನಲ್ಲಿ ಕೊಡಬೇಕಿತ್ತು. ಸಾಮಾನ್ಯವಾಗಿ 'ಊಟ ಮಾಡಿದರು, ಮಾತಾಡಿದರು, ಚೆನ್ನಾಗಿದ್ದಾರೆ' ಎಂದು ಗೀಚಿ ಕೈ ತೊಳೆದುಕೊಳ್ಳುತ್ತಿದ್ದವಳು, ಅವತ್ತು ಖುಷಿಯ ಭರದಲ್ಲಿ ನಾಲ್ಕು ಸಾಲು ಬರೆದಳು. ಮಷೀನಿನ ಸದ್ದಿನಲ್ಲಿ ದನಿ ಕೇಳಿಸುತ್ತದೆ, ಅವರು ಹೆದರುವುದಿಲ್ಲ, ಒಂದು ಸಲ ಅಳೆದು ಅದಕ್ಕೆ ಉತ್ತರ ಕೊಟ್ಟು ಕೆಲಸ ಮುಂದುವರಿಸುತ್ತಾರೆ, ಇದು ಬಹಳ ದೊಡ್ಡ ಗೆಲುವು. ಅದೇ ಹಾದಿಯಲ್ಲಿ ನಡೆದು ಬಂದವಳಿಗೆ ಮಾತ್ರ ಹಾಗೆ ಬರೆಯಬೇಕು ಎನಿಸುತ್ತದೆ. ಓದಿಕೊಂಡು ಬಂದ ಸಿಬ್ಬಂದಿ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ಅವರಿಗೆ ಹಾಳೆ ಯಾರ ಕೈಗೆ ಹೋಗುತ್ತದೆ ಎನ್ನುವುದು ಗೊತ್ತು.

ಸೋಮವಾರ ಬೆಳಿಗ್ಗೆ ನೋಟೀಸ್ ಬೋರ್ಡಿನಲ್ಲಿ ಚೀಟಿ ಇತ್ತು. ಮೂರನೇ ಮಹಡಿ, ಹನ್ನೆರಡನೇ ಕೋಣೆ, ಗುರುವಾರ ಹನ್ನೊಂದು ಗಂಟೆಗೆ ಪರಿಶೀಲನಾ ಸಭೆ, ಕುಟುಂಬದವರೂ ಬರತಕ್ಕದ್ದು. ಆ ಮನೆಯಲ್ಲಿ ಪರಿಶೀಲನೆ ಎಂದರೆ ಗಂಟುಮೂಟೆ ಕಟ್ಟು ಎಂದರ್ಥ. ಅಕ್ಕ ಸೀದಾ ಆಫೀಸಿಗೆ ನುಗ್ಗಿದಳು. ಮೇಜಿನ ಮೇಲೆ ಅವಳದ್ದೇ ಹಾಳೆ, ಅವಳದ್ದೇ ದುಂಡು ಅಕ್ಷರ. ಮೊದಲ ಸಾಲಿನ ಕೆಳಗೆ ಕೆಂಪು ಗೀಟು. ಉಳಿದ ಮೂರು ಸಾಲು ಇದ್ದೂ ಇಲ್ಲದ ಹಾಗೆ ಬಿದ್ದಿದ್ದವು.

ಮ್ಯಾನೇಜರ್ ಕೆಟ್ಟವರೇನಲ್ಲ, ಹೆದರಿದವರು. ಹೋದ ವರ್ಷ ಸಂಸ್ಥೆಯ ಇನ್ನೊಂದು ಮನೆಯಲ್ಲಿ ಒಬ್ಬ ಹಾಸಿಗೆಗೆ ಬೆಂಕಿ ಇಟ್ಟಿದ್ದ. ಅಲ್ಲಿಯ ಮ್ಯಾನೇಜರ ಕೆಲಸ ಹೋಯಿತು. ಅಂದಿನಿಂದ ಇವರು ಇಪ್ಪತ್ತೆರಡು ಬಾಗಿಲನ್ನೂ ಬೆಂಕಿಪೆಟ್ಟಿಗೆ ನೋಡಿದ ಹಾಗೆ ನೋಡುತ್ತಿದ್ದರು. ಲಕ್ಷಣ ಮರುಕಳಿಸಿದರೆ ಆಸ್ಪತ್ರೆಗೆ ವಾಪಸ್ಸು ಕಳಿಸಬೇಕು, ಖಾಲಿಯಾದ ಕೋಣೆಯನ್ನು ಏಳು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಕಾಯುತ್ತಿರುವವರು ನಲವತ್ತು ಮಂದಿ ಇದ್ದಾರೆ, ನಿಯಮ ತಾನು ಮಾಡಿದ್ದಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದರು. ಮರುಕಳಿಸಿಲ್ಲ, ಅದು ಯಾವತ್ತೂ ಹೋಗೇ ಇರಲಿಲ್ಲ, ಮನುಷ್ಯ ಅದರ ಜೊತೆ ಬಾಳುವುದನ್ನು ಕಲಿತಿದ್ದಾನೆ ಎಂದು ಅಕ್ಕ ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗಿನವರ ಎದುರು ಅವಳನ್ನು ಮೇಡಂ ಎನ್ನುತ್ತಿದ್ದವರು ಆಗ ನೋಡಮ್ಮ ಎಂದು ಶುರು ಮಾಡಿದರು.

"ನೋಡಮ್ಮ, ಬರೆದಿದ್ದು ನೀವು. ನಾನು ಕಣ್ಣು ಮುಚ್ಕೊಂಡು ಕೂತಿದ್ರೆ ನಾಳೆ ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ."

ಅವಳ ಮೈಯೆಲ್ಲ ಉರಿದುಹೋಯಿತು. ಇದೇ ಬಾಯಿ ತಾನೇ ವೇದಿಕೆಯ ಮೇಲೆ 'ನಮ್ಮ ಹೆಮ್ಮೆ' ಎಂದಿದ್ದು? ಅವಳ ಕಾಯಿಲೆ ಇವರಿಗೆ ಬೇಕು, ಅದು ಚಪ್ಪಾಳೆ ಹೊಡೆಸುವಷ್ಟು ಹಳೆಯದಾಗಿರಬೇಕು ಅಷ್ಟೆ. ಆದರೆ ಅದಕ್ಕಿಂತ ಹೆಚ್ಚಿನ ಉರಿ ತನ್ನ ಮೇಲೇ ಇತ್ತು. ಪೆನ್ನು ಹಿಡಿದ ಕೈ ಯಾರದ್ದು? ಮೆಟ್ಟಿಲು ಹತ್ತುವಾಗ ಅವಳು ತನ್ನನ್ನು ತಾನೇ ಬಾಯಿಗೆ ಬಂದ ಹಾಗೆ ಬೈದುಕೊಂಡಳು, ನಲ್ಲಿಯ ಹೆಂಗಸಿಗೆ ಅವತ್ತು ಕೆಲಸವೇ ಇರಲಿಲ್ಲ.

ಹನ್ನೆರಡನೇ ಕೋಣೆಯಲ್ಲಿ ಮಾಸ್ಟ್ರು ಊಟದ ಮನೆಯ ಪರದೆಗಳಿಗೆ ಅಂಚು ಹೊಲಿಯುತ್ತಿದ್ದರು. ಹಾಸಿಗೆ ನೀಟಾಗಿ ಮಡಿಸಿತ್ತು. ಕಿಟಕಿಯ ಪಕ್ಕದ ಗೋಡೆಯಲ್ಲಿ ಒಂದು ಮೊಳೆಗೆ ನೀಲಿ ಫ್ರಾಕು ತೂಗುಹಾಕಿತ್ತು. ಅದು ಮಗಳಿಗೆ. ಹೆಂಡತಿಯ ಅಣ್ಣ ಒಂದು ಮಾತು ಕೊಟ್ಟಿದ್ದರು. ಒಂದು ವರ್ಷ, ಪೂರ್ತಿ ಒಂದು ವರ್ಷ, ಒಂದೇ ಕೋಣೆಯಲ್ಲಿ ನೆಟ್ಟಗೆ ಬಾಳಿ ತೋರಿಸಿದರೆ ಮಗಳನ್ನು ಕರೆದುಕೊಂಡು ಬಂದು ತೋರಿಸುತ್ತೇನೆ ಎಂದು. ಆ ವರ್ಷ ಬರುವ ಭಾನುವಾರಕ್ಕೆ ತುಂಬುತ್ತಿತ್ತು. ಮಗಳನ್ನು ನೋಡಿ ಆರು ವರ್ಷವಾಗಿತ್ತು, ಈಗ ಅವಳಿಗೆ ಹನ್ನೊಂದು. ಅಳತೆ ಗೊತ್ತಿಲ್ಲದೆ, ದಾರಿಯಲ್ಲಿ ಹೋಗುವ ಆ ವಯಸ್ಸಿನ ಹುಡುಗಿಯರನ್ನು ನೋಡಿ ನೋಡಿ ಅಂದಾಜಿನ ಮೇಲೆ ಹೊಲಿದಿದ್ದರು.

ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಬರೆದದ್ದು ನಾನು, ಖುಷಿಗೆ ಬರೆದೆ, ಅದನ್ನು ಹಿಡಿದುಕೊಂಡು ಕೋಣೆ ಕಿತ್ತುಕೊಳ್ಳಲು ಹೊರಟಿದ್ದಾರೆ ಎಂದಳು. ಮಾಸ್ಟ್ರು ಅಂಚು ಮುಗಿಯುವವರೆಗೆ ಮಷೀನು ನಿಲ್ಲಿಸಲಿಲ್ಲ. ಆಮೇಲೆ ದಾರ ಕತ್ತರಿಸಿ, ಕತ್ತರಿಯನ್ನು ಅದರ ಜಾಗದಲ್ಲಿಟ್ಟು, ಅವಳನ್ನು ನೋಡಿದರು.

"ನಿಮಗೆ ಹೇಳಿದ್ದು ಅಕ್ಕ. ಹಾಳೆಗೆ ಹೇಳಿದ್ದಲ್ಲ."

ಅವರು ಕೂಗಾಡಿದ್ದರೆ, ಕತ್ತರಿ ಎಸೆದಿದ್ದರೆ, ಎಷ್ಟೋ ವಾಸಿಯಿತ್ತು. ನಾನೇ ಸರಿ ಮಾಡ್ತೀನಿ, ಗುರುವಾರ ನಾನೇ ಮಾತಾಡ್ತೀನಿ, ನೀವು ಒಂದು ಮಾತೂ ಆಡುವುದು ಬೇಡ ಎಂದು ತೊದಲಿ ಹೊರಗೆ ಬಂದಳು. ಹಿಂದಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ಮೂರು ದಿನ ಅವಳು ತಯಾರಿ ನಡೆಸಿದಳು. ಹೇಳಬೇಕಾದ್ದನ್ನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದಳು. ಏನು ಹೇಳಬೇಕು ಎನ್ನುವುದಕ್ಕಿಂತ ಹೇಗೆ ಹೇಳಬೇಕು ಎನ್ನುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ದನಿ ಏರಬಾರದು. ಕೈ ಬೀಸಬಾರದು. ಬೇಗ ಬೇಗ ಮಾತಾಡಬಾರದು, ತೀರಾ ನಿಧಾನವೂ ಕೂಡದು. ನ್ಯಾಯ ಕೇಳಲು ಹೊರಟವಳಿಗೆ ಇಷ್ಟು ನಾಟಕ ಬೇಕು ನೋಡಿ. ಬೇರೆ ಯಾರಾದರೂ ಆಗಿದ್ದರೆ ಸೀದಾ ಹೋಗಿ ಜಗಳ ಆಡಿ ಬಂದಿರುತ್ತಿದ್ದರು, ಗಟ್ಟಿಗಿತ್ತಿ ಎಂದು ಹೊಗಳಿಸಿಕೊಂಡೂ ಇರುತ್ತಿದ್ದರು.

ಗುರುವಾರ ಆಫೀಸಿನಲ್ಲಿ ಐದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮ್ಯಾನೇಜರ್, ತಿಂಗಳಿಗೊಮ್ಮೆ ಬಂದು ಒಂದು ಕಾಲು ಬಾಗಿಲಾಚೆಯೇ ಇಟ್ಟುಕೊಂಡಿರುವ ಡಾಕ್ಟರು, ಮಾಸ್ಟ್ರು, ಅಕ್ಕ, ಮತ್ತೆ ಮಾಸ್ಟ್ರ ಮಗಳ ಸೋದರಮಾವ. ಸೋದರಮಾವನಿಗೆ ಟೈಲ್ಸ್ ಅಂಗಡಿ. ಅಂಗಡಿ ಮುಚ್ಚಿ ಬಂದಿದ್ದರು, ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದರು. ತಂಗಿಯನ್ನೂ ಅವಳ ಮಗಳನ್ನೂ ಆರು ವರ್ಷ ಸಾಕಿದ ಮನುಷ್ಯ, ಅವರಿಗೂ ಅವರದ್ದೇ ಆದ ಭಯ ಇತ್ತು. ಅಕ್ಕ ಅದನ್ನು ಒಪ್ಪಿಕೊಂಡಳು. ಇಷ್ಟವಾಗಲಿಲ್ಲ, ಒಪ್ಪಿಕೊಂಡಳು.

ಮ್ಯಾನೇಜರ್ ಮೊದಲ ಸಾಲನ್ನು ಓದಿದರು. ಅಕ್ಕ ಹಾಳೆಯನ್ನು ಕೇಳಿ ಪಡೆದು ನಾಲ್ಕೂ ಸಾಲು ಓದಿದಳು. ದನಿ ಎಲ್ಲೂ ಏರಲಿಲ್ಲ. ಒಂದು ವರ್ಷದಲ್ಲಿ ಈ ಮನುಷ್ಯ ಈ ಮನೆಗೆ ಎಷ್ಟು ಪರದೆ, ಎಷ್ಟು ದಿಂಬಿನ ಚೀಲ ಹೊಲಿದುಕೊಟ್ಟಿದ್ದಾರೆ, ಒಂದಾದರೂ ಬಿಚ್ಚಿದ್ದನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದಳು. ಡಾಕ್ಟರು ಗಡಿಯಾರ ನೋಡಿ, ಹಾಗೂ ಆಗಬಹುದು ಹೀಗೂ ಆಗಬಹುದು, ಕೆಲವರಿಗೆ ತೊಂದರೆಯಾಗುವುದಿಲ್ಲ, ಕೆಲವರಿಗೆ ಆಗುತ್ತದೆ, ಎಚ್ಚರಿಕೆ ಒಳ್ಳೆಯದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಸೋದರಮಾವ ಮಾತ್ರ ನೇರ ಮನುಷ್ಯ.

"ಇದೆಲ್ಲ ನನಗೆ ಅರ್ಥ ಆಗಲ್ಲ. ಕೇಳಿಸುತ್ತೋ ಇಲ್ವೋ, ಅಷ್ಟು ಹೇಳಿ. ಕೇಳಿಸುತ್ತೆ ಅಂದ್ರೆ ಮಗು ಇಲ್ಲಿಗೆ ಬರಲ್ಲ."

ಅಲ್ಲಿಗೆ ಅಕ್ಕನ ಮೂರು ದಿನದ ಕನ್ನಡಿ ಚೂರುಚೂರಾಯಿತು. ಕೇಳಿಸುವುದೇ ಅಪರಾಧವಾದರೆ ಈ ಕಟ್ಟಡದಲ್ಲಿ ಒಬ್ಬರೂ ಉಳಿಯುವುದಿಲ್ಲ ಎಂದಳು. ಎದ್ದು ನಿಂತಿದ್ದಳು, ಎದ್ದದ್ದು ಅವಳಿಗೇ ಗೊತ್ತಾಗಿರಲಿಲ್ಲ. ದಿನಾ ಕಿವಿಯೊಳಗೆ ಬೈಸಿಕೊಂಡೂ ಎದ್ದು, ಮುಖ ತೊಳೆದು, ಕೆಲಸ ಮಾಡುವವರಿಗೆ ಎಷ್ಟು ಗಟ್ಟಿ ಗುಂಡಿಗೆ ಬೇಕು ಎನ್ನುವುದು ನಿಮಗೆ ಗೊತ್ತಾ, ಒಂದು ದಿನ, ಒಂದೇ ಒಂದು ದಿನ ನೀವು ಅದನ್ನು ಕೇಳಿಸಿಕೊಂಡು ಟೈಲ್ಸ್ ಮಾರಿ ನೋಡೋಣ ಎಂದಳು. ಮೇಜಿನ ಮೇಲೆ ಅವಳ ಕೈ ಬಿದ್ದ ಏಟಿಗೆ ನೀರಿನ ಲೋಟ ಉರುಳಿತು.

ಮ್ಯಾನೇಜರ್ ಕರವಸ್ತ್ರದಿಂದ ನೀರು ಒರೆಸಿದರು. ಆಮೇಲೆ ತಲೆ ಎತ್ತಿ, ಮೆಲ್ಲಗೆ, ತುಂಬಾ ಕಾಳಜಿಯಿಂದ ಕೇಳಿದರು, ಅಕ್ಕ, ಬೆಳಿಗ್ಗೆ ಮಾತ್ರೆ ತಗೊಂಡ್ರಾ ಅಂತ. ಡಾಕ್ಟರು ಆ ದಿನ ಮೊದಲ ಸಲ ಅವಳನ್ನು ಪೂರ್ತಿಯಾಗಿ ನೋಡಿದರು. ಸೋದರಮಾವನ ಕುರ್ಚಿ ಒಂದಿಷ್ಟು ಹಿಂದಕ್ಕೆ ಸರಿಯಿತು.

ಡಾಕ್ಟರು ಮಾಸ್ಟ್ರ ಕಡೆ ತಿರುಗಿ, ನೀವೇ ಹೇಳಿ, ನಿಮಗೆ ಏನಾದರೂ ಕೇಳಿಸುತ್ತಾ ಎಂದರು. ಮಾಸ್ಟ್ರು ಎರಡೂ ಕೈಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರು ಡಾಕ್ಟರನ್ನು ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಮಗಳ ಸೋದರಮಾವನನ್ನು ನೋಡಿಕೊಂಡು, ಒಂದೊಂದೇ ಮಾತನ್ನು ಅಳೆದು ಇಟ್ಟ ಹಾಗೆ ಹೇಳಿದರು.

"ನನಗೆ ಏನೂ ಕೇಳಿಸಲ್ಲ. ಕೇಳಿಸೋದು ಅಕ್ಕನಿಗೆ. ನಲ್ಲಿ ಬಿಟ್ಟಾಗ ಒಂದು ಹೆಂಗಸಿನ ದನಿ ಬರುತ್ತಂತೆ, ಅವರೇ ನನಗೆ ಹೇಳಿದ್ದಾರೆ. ಅವರದ್ದನ್ನೇ ನನ್ನ ಹೆಸರಲ್ಲಿ ಬರೆದುಬಿಟ್ಟಿದ್ದಾರೆ ಅನ್ಸುತ್ತೆ."

ಕೆಲಸಕ್ಕೆ ಸೇರಿದಾಗಿನಿಂದ ಎಂಟು ವರ್ಷ ಅಕ್ಕ ಕೋಣೆಗಳ ಆಚೆ ಯಾರಿಗೂ ತಿಳಿಯದ ಹಾಗೆ ಕಾಪಾಡಿಕೊಂಡ ಮಾತು. ಇವನ ಬಾಯಿ ಬಿಡಿಸಬೇಕು ಎಂದು ತಾನೇ ಎದೆ ತೆರೆದು ಕೊಟ್ಟ ಮಾತು. ಮಾಸ್ಟ್ರು ಅವಳಿಗೆ ಆ ಕ್ಷಣಕ್ಕೆ ಇವನಾಗಿಬಿಟ್ಟ. ದ್ರೋಹಿ, ಎಂದು ಕೂಗಬೇಕು ಎನಿಸಿತು. ಅದೇ ಹೊತ್ತಿಗೆ, ತಾನು ಮಾಡಿದ್ದು ಏನು ಎಂದೂ ಹೊಳೆಯಿತು. ಅವಳು ಅವರದ್ದನ್ನು ಹಾಳೆಗೆ ಕೊಟ್ಟಳು, ಅವರು ಅವಳದ್ದನ್ನು ಸಭೆಗೆ ಕೊಟ್ಟರು.

ಡಾಕ್ಟರು ಪೆನ್ನು ತೆರೆದಿದ್ದರು. ಇದು ನಿಜವಾ, ನಿಮಗೆ ಕೇಳಿಸುತ್ತಾ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಹಾಳೆಯಲ್ಲಿರುವುದು ಮಾಸ್ಟ್ರದ್ದೇ ಆಗುತ್ತದೆ. ಮಧ್ಯಾಹ್ನದೊಳಗೆ ಆಂಬುಲೆನ್ಸು, ಏಳು ದಿನಕ್ಕೆ ಕೋಣೆ ಬೇರೆಯವರಿಗೆ, ಭಾನುವಾರ ಬರಬೇಕಾದ ಮಗು ಇನ್ನು ಯಾವ ಕಾಲಕ್ಕೋ. ಹೌದು ಎಂದರೆ ಅವಳ ಕೆಲಸ ಅಲ್ಲಿಗೆ ಮುಗಿಯಿತು. ಇಬ್ಬರಿಗೂ ಕೇಳಿಸುತ್ತದೆ, ಇಬ್ಬರೂ ಚೆನ್ನಾಗೇ ಇದ್ದೇವೆ ಎನ್ನುವುದು ಸತ್ಯ. ಆ ಸತ್ಯಕ್ಕೆ ಆ ಕೋಣೆಯಲ್ಲಿ ಕುರ್ಚಿಯೇ ಹಾಕಿರಲಿಲ್ಲ.

"ಹೌದು," ಎಂದಳು. "ನನ್ನದೇ. ಅವರ ಹಾಳೆಯಲ್ಲಿ ಬರೆದೆ. ತಪ್ಪಾಯ್ತು."

ಆಮೇಲೆ ಎಲ್ಲ ಸುಲಭವಾಗಿ ನಡೆಯಿತು. ಹಾಗಿದ್ದರೆ ಹಾಳೆಯಲ್ಲಿ ಮಷೀನು, ಅಳತೆ ಎಂದೆಲ್ಲ ಯಾಕಿದೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಎಷ್ಟು ಹಾಯೆನಿಸಿತು ಎಂದರೆ ನೋಡಲು ಅಸಹ್ಯವಾಗುತ್ತಿತ್ತು. ಹನ್ನೆರಡನೇ ಕೋಣೆಯ ವಿಷಯ ಕೈಬಿಡಲಾಗಿದೆ ಎಂದು ಮ್ಯಾನೇಜರ್ ಬರೆದುಕೊಂಡರು. ಅಕ್ಕನಿಗೆ ವಿಶ್ರಾಂತಿ ರಜೆ, ಡಾಕ್ಟರು ಸರ್ಟಿಫಿಕೇಟು ಕೊಡುವವರೆಗೆ ಕೋಣೆಗಳಿಗೆ ಹೋಗುವಂತಿಲ್ಲ. ನಿಮ್ಮ ಒಳ್ಳೆಯದಕ್ಕೇ ಮೇಡಂ, ಎಂದರು. ಸೋದರಮಾವ ಏಳುವಾಗ ಮಾಸ್ಟ್ರ ಭುಜ ಮುಟ್ಟಿ, ಭಾನುವಾರ ಹತ್ತು ಗಂಟೆಗೆ ಕರೆದುಕೊಂಡು ಬರುತ್ತೇನೆ ಎಂದರು. ಅಕ್ಕ ಗುರುತಿನ ಕಾರ್ಡನ್ನು ಕೊರಳಿನಿಂದ ತೆಗೆದು ಮೇಜಿನ ಮೇಲೆ ಒದ್ದೆಯಾಗಿದ್ದ ಜಾಗದಲ್ಲೇ ಇಟ್ಟಳು. ಮ್ಯಾನೇಜರ್ ಅದನ್ನು ಎತ್ತಿ ಒರೆಸಿದರು.

ಮೆಟ್ಟಿಲ ಬುಡದಲ್ಲಿ ಮಾಸ್ಟ್ರು ಕಾಯುತ್ತಿದ್ದರು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಅಕ್ಕ, ನನಗೆ ಬೇರೆ ದಾರಿ, ಎಂದು ಶುರು ಮಾಡಿದವರನ್ನು ಅವಳು ಅಲ್ಲೇ ತಡೆದಳು.

"ಇರಲಿಲ್ಲ, ಗೊತ್ತು. ಅದಕ್ಕೇ ಹೌದು ಅಂದೆ. ಹಾಗಂತ ಸಿಟ್ಟಿಲ್ಲ ಅಂದ್ಕೋಬೇಡಿ ಮಾಸ್ಟ್ರೆ. ಅವರ ಮೇಲೂ ಇದೆ, ನನ್ನ ಮೇಲೂ ಇದೆ, ನಿಮ್ಮ ಮೇಲೂ ಇದೆ. ಕೈ ಮುಗಿಯೋದೆಲ್ಲ ಬೇಡ, ಮೇಲೆ ಹೋಗಿ."

ಅವರು ಹೋಗಲಿಲ್ಲ. ಮೇಲಿನ ಮಹಡಿಯಲ್ಲಿ ಯಾರದ್ದೋ ರೇಡಿಯೋ ಹಾಡುತ್ತಿತ್ತು, ಅಡುಗೆಯವಳು ಪಾತ್ರೆ ಕುಕ್ಕುತ್ತಿದ್ದಳು. ಮಾಸ್ಟ್ರು ಕೊರಳಿನ ಟೇಪಿನ ಎರಡು ತುದಿಯನ್ನೂ ಹಿಡಿದುಕೊಂಡು, ಆಫೀಸಿನ ಬಾಗಿಲಿಗೆ ಕೇಳಿಸದ ಹಾಗೆ, ಇನ್ನು ಮುಂದೆ ಅದು ಮಾತಾಡಿದರೆ ನಾನು ಯಾರಿಗೆ ಹೇಳಲಿ ಎಂದು ಕೇಳಿದರು.

ಎಂಟು ವರ್ಷದಲ್ಲಿ ಆ ಇಪ್ಪತ್ತೆರಡು ಕೋಣೆಗಳಲ್ಲಿ ಬಂದು ಹೋದವರಿಗೆಲ್ಲ ಅವಳು ಒಂದೇ ಮಾತು ಹೇಳಿಕೊಟ್ಟಿದ್ದಳು. ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಡಿ, ಒಬ್ಬರಿಗಾದರೂ ಹೇಳಿ, ಹೇಳಿದರೆ ಅದರ ಅರ್ಧ ಜೋರು ಇಳಿಯುತ್ತದೆ ಎಂದು. ಹಾಸಿಗೆ ಹಿಡಿದವರಿಗೆ ಹೇಳಿದ್ದಳು, ಬಾಯಿ ಕಟ್ಟಿದವರಿಗೆ ಹೇಳಿದ್ದಳು, ಈ ಮನುಷ್ಯನಿಗೆ ನಾಲ್ಕು ತಿಂಗಳು ದಿನ ಬಿಡದೆ ಹೇಳಿದ್ದಳು. ಅದು ಬಿಟ್ಟರೆ ಅವಳಿಗೆ ಬೇರೆ ವಿದ್ಯೆಯೇ ಗೊತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡಿ," ಎಂದಳು.

ಮಾಸ್ಟ್ರು ಸರಿ ಎನ್ನುವ ಹಾಗೆ ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.